ಕಣ್ಣೆದುರಿದ್ದ ವಸ್ತು ಕಣ್ಣಿಗೆ ಬೀಳಬೇಕಾದರೆ

ಒಗ್ಗರಣೆ ಸೀಯುತ್ತಿರುತ್ತದೆ, ಇಂಗಿನ ಡಬ್ಬಿ ಸಿಗುವುದಿಲ್ಲ. ಅದೇ ಗೂಡು, ಅದೇ ಸಾಲು, ಎರಡೆರಡು ಸಲ ಕಣ್ಣಾಡಿಸಿದ್ದಾಗಿರುತ್ತದೆ. ಕೊನೆಗೆ ಮನೆಯ ಇನ್ನೊಬ್ಬರು ಬಂದು ನೀವು ನೋಡುತ್ತಿದ್ದ ಜಾಗಕ್ಕೇ ಕೈಹಾಕಿ ಡಬ್ಬಿ ತೆಗೆದುಕೊಡುತ್ತಾರೆ. ‘ಇಲ್ಲೇ ಇದೆಯಲ್ಲ, ಕಣ್ಣು ಕಾಣಲ್ವಾ?’ ಎಂಬ ಮಾತೂ ಜೊತೆಗೇ ಬರುತ್ತದೆ. ಬೀಗದಕೈ, ಕನ್ನಡಕ, ಬ್ಯಾಂಕಿನ ಪಾಸ್‌ಬುಕ್, ಕಿವಿಯೋಲೆಯ ತಿರುಪು, ಯಾವುದಕ್ಕಾದರೂ ಈ ಪಾಡು ತಪ್ಪಿದ್ದಲ್ಲ. ಇಂಥ ಹೊತ್ತಿನಲ್ಲಿ ಬಹುತೇಕರು ಇನ್ನಷ್ಟು ಅವಸರದಿಂದ, ಇನ್ನಷ್ಟು ಕಣ್ಣರಳಿಸಿ ಅದೇ ಜಾಗವನ್ನು ಮತ್ತೆ ಮತ್ತೆ ಜಾಲಾಡುತ್ತಾರೆ. ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಕಣ್ಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಅದನ್ನು ಎಲ್ಲಿಗೆ ಕಳಿಸಬೇಕು, ಏನು ಕಂಡರೆ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಗಮನಕ್ಕೆ ನಾವು ಕೊಟ್ಟ ಸೂಚನೆಯಲ್ಲೇ ತಪ್ಪಿರುತ್ತದೆ. ಆ ಸೂಚನೆಯನ್ನು ತಿದ್ದಿಕೊಳ್ಳಬಹುದು. ಹೇಗೆಂದು ಹೇಳುವ ಮೊದಲು, ಅದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಕಣ್ಣಿಗೆ ದಾರಿ ತೋರುವವರು ಯಾರು?

ತೋಳು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಅದರ ಅಗಲ ನಿಮ್ಮ ನೋಟದಲ್ಲಿ ಸುಮಾರು 2 ಡಿಗ್ರಿಯಷ್ಟಾಗುತ್ತದೆ. ಅಕ್ಷಿಪಟಲದ ನಡುವಿನ ಸಣ್ಣ ಕುಳಿ ಅತ್ಯಂತ ಸ್ಪಷ್ಟವಾಗಿ ನೋಡಬಲ್ಲದ್ದು ಒಂದು ಗಳಿಗೆಯಲ್ಲಿ ಅಷ್ಟನ್ನೇ. ಉಳಿದ ಕೋಣೆ ಮಸುಕಾಗಿ, ಬಣ್ಣ ಮತ್ತು ಆಕಾರಗಳ ಅಂದಾಜಾಗಿ ಮಾತ್ರ ತಲುಪುತ್ತದೆ. ಹಾಗಾಗಿ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಲೇ ಇರಬೇಕು. ಮುಂದಿನ ಜಿಗಿತ ಎಲ್ಲಿಗೆ ಎಂಬುದನ್ನು ಗಮನ ಹೇಳುತ್ತದೆ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ 1960ರ ದಶಕದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಚಿತ್ರಕಾರ ರೆಪಿನ್‌ನ ಒಂದೇ ಚಿತ್ರವನ್ನು ಮುಂದಿಟ್ಟು ಬೇರೆ ಬೇರೆ ಪ್ರಶ್ನೆ ಕೇಳಿದರು. ಚಿತ್ರದಲ್ಲಿರುವವರ ವಯಸ್ಸೆಷ್ಟು ಎಂದು ಕೇಳಿದಾಗ ಕಣ್ಣು ಮುಖಗಳ ಮೇಲೆ ಓಡಾಡಿತು. ಮನೆಯವರ ಸ್ಥಿತಿಗತಿ ಕೇಳಿದಾಗ ಬಟ್ಟೆಬರೆ, ಪೀಠೋಪಕರಣಗಳ ಕಡೆಗೆ ಹೊರಳಿತು. ಚಿತ್ರ ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿತ್ತು.

ಮುಂದೆ 1980ರಲ್ಲಿ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಜೆಲೇಡ್, ಅವರ ನಂತರ ಜೆರೆಮಿ ವುಲ್ಫ್ ಮೊದಲಾದವರು ಈ ದಾರಿ ತೋರುವಿಕೆಯ ನಿಯಮಗಳನ್ನು ಹುಡುಕಿದರು. ಸಾರಾಂಶ ಇಷ್ಟು: ಬಣ್ಣ, ಗಾತ್ರ, ಓರೆ, ಚಲನೆಯಂಥ ಕೆಲವೇ ಗುಣಗಳು ಮಸುಕು ನೋಟದಲ್ಲೂ ಗಮನವನ್ನು ಎಳೆಯಬಲ್ಲವು. ಉಳಿದ ವಿವರಗಳಿಗಾಗಿ ಒಂದೊಂದರ ಮೇಲೂ ಗಮನ ಇಡಬೇಕಾಗುತ್ತದೆ. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಪುರಾವೆ ಇದೆ. ಮೊರದಲ್ಲಿ ಅಕ್ಕಿ ಆರಿಸುವಾಗ ಕಂದು ಬಣ್ಣದ ಭತ್ತದ ಕಾಳು, ಕರಿಯ ಕಲ್ಲು ತಾವಾಗಿಯೇ ಕಣ್ಣಿಗೆ ಹೊಡೆಯುತ್ತವೆ. ಅಕ್ಕಿ ಒಂದು ಹಿಡಿಯಾದರೂ ನಾಲ್ಕು ಹಿಡಿಯಾದರೂ ಅಷ್ಟೇ ಬೇಗ. ಬಿಳಿಕಲ್ಲು ಹಾಗಲ್ಲ. ಅಕ್ಕಿಯದೇ ಬಣ್ಣ, ಹೆಚ್ಚುಕಡಿಮೆ ಅಕ್ಕಿಯದೇ ಗಾತ್ರ. ಅದಕ್ಕಾಗಿ ಕಾಳುಗಳನ್ನು ತೆಳ್ಳಗೆ ಹರಡಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಈಚೆಗೆ ಎಳೆದುಕೊಂಡು ನೋಡಬೇಕು, ಅಕ್ಕಿ ಹೆಚ್ಚಿದಷ್ಟೂ ಹೊತ್ತು ಹೆಚ್ಚುತ್ತದೆ. ಅಕ್ಕಿ ಆರಿಸಿ ಅಭ್ಯಾಸವಿದ್ದವರ ಕೈ ಈ ಭೇದವನ್ನು ಪ್ರಯೋಗಾಲಯಕ್ಕಿಂತ ಬಹಳ ಮೊದಲೇ ಬಲ್ಲದು.

ಗುಣಗಳ ಜೊತೆಗೆ ಇನ್ನೊಂದು ಮಾರ್ಗದರ್ಶಿ ನಮ್ಮ ಲೋಕಜ್ಞಾನ. ಲೋಟ ಹುಡುಕುವಾಗ ಕಣ್ಣು ಮೇಜು, ಕಟ್ಟೆಗಳ ಮೇಲೆ ಹೋಗುತ್ತದೆ. ಗೋಡೆಯ ಚಿತ್ರ ಹುಡುಕುವಾಗ ಗೋಡೆಗೆ. ಮನುಷ್ಯರನ್ನು ಹುಡುಕುವಾಗ ನೆಲದ ಮಟ್ಟಕ್ಕೆ. ಇದು ದಿನಕ್ಕೆ ನೂರು ಸಲ ನಮ್ಮ ಹೊತ್ತು ಉಳಿಸುತ್ತದೆ. ವಸ್ತು ನಿರೀಕ್ಷಿತ ಜಾಗದಲ್ಲಿ ಅಥವಾ ನಿರೀಕ್ಷಿತ ರೂಪದಲ್ಲಿ ಇಲ್ಲದ ದಿನ ಇದೇ ಜ್ಞಾನ ದಾರಿ ತಪ್ಪಿಸುತ್ತದೆ. ಕೆಳಗಿನ ಎಲ್ಲ ಸಲಹೆಗಳ ಬೇರು ಇಲ್ಲಿದೆ.

ಹುಡುಕುವ ಕ್ರಮ

1. ಮೊದಲು ನಿಲ್ಲಿ, ವಸ್ತು ಈಗ ಹೇಗೆ ಕಾಣುತ್ತಿರಬಹುದು ಎಂದು ನೆನೆಯಿರಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಜನ ಹೆಚ್ಚಾಗಿ ಬಿಡುವುದೂ ಇದನ್ನೇ. ಜೀವವಿಜ್ಞಾನಿ ಯಾಕೋಬ್ ಫಾನ್ ಉಕ್ಸ್‌ಕುಲ್ 1934ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಸ್ನೇಹಿತರ ಮನೆಯಲ್ಲಿ ಊಟದ ಹೊತ್ತಿಗೆ ಅವರ ಮುಂದೆ ದಿನವೂ ನೀರಿನ ಮಣ್ಣಿನ ಹೂಜಿ ಇರುತ್ತಿತ್ತು. ಒಂದು ದಿನ ಅದು ಒಡೆದುಹೋಗಿ, ಕೆಲಸದವನು ಅದೇ ಜಾಗದಲ್ಲಿ ಗಾಜಿನ ಹೂಜಿ ಇಟ್ಟಿದ್ದ. ಉಕ್ಸ್‌ಕುಲ್ ನೀರಿಗಾಗಿ ಹುಡುಕಿದರು, ಮುಂದೆಯೇ ಇದ್ದ ಗಾಜಿನ ಹೂಜಿ ಅವರಿಗೆ ಕಾಣಲಿಲ್ಲ. ಮನಸ್ಸಿನಲ್ಲಿದ್ದ ಮಣ್ಣಿನ ಹೂಜಿಯ ಚಿತ್ರ ಗಾಜಿನದನ್ನು ಅಳಿಸಿಹಾಕಿತ್ತು. ನಿಮ್ಮ ಇಂಗಿನ ಡಬ್ಬಿಯದೂ ಇದೇ ಕಥೆ. ಹಳದಿ ಡಬ್ಬಿಗಾಗಿ ಗಮನ ಕಾದಿದೆ, ಈ ಸಲ ತಂದದ್ದು ಬಿಳಿ ಡಬ್ಬಿ. ಅಥವಾ ಡಬ್ಬಿ ಹಳದಿಯೇ, ಆದರೆ ಚೀಟಿಯ ಮುಖ ಗೋಡೆಗೆ ತಿರುಗಿದೆ. ಪಾಸ್‌ಬುಕ್ ಎಂದೊಡನೆ ಮನಸ್ಸಿಗೆ ಬರುವುದು ಅದರ ಮುಖಪುಟ, ಕಾಗದಗಳ ಕಟ್ಟಿನ ನಡುವೆ ಕಾಣುವುದು ತೆಳ್ಳನೆಯ ಅಂಚು ಮಾತ್ರ. ಹಾಗಾಗಿ ಹತ್ತು ಸೆಕೆಂಡು ಕೊಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ: ಈಗ ಅದರ ಬಣ್ಣ ಯಾವುದು? ಕವರು, ಚೀಲ, ಕರವಸ್ತ್ರದೊಳಗೆ ಏನಾದರೂ ಇರಬಹುದೇ? ನಾನು ನಿಂತ ಕಡೆಯಿಂದ ಅದರ ಯಾವ ಮಗ್ಗುಲು ಕಾಣುತ್ತದೆ? ವಸ್ತುವಿನ ಚಿತ್ರ ಫೋನಿನಲ್ಲಿದ್ದರೆ ಒಮ್ಮೆ ನೋಡಿ. ಬರಿಯ ಹೆಸರು ಹೇಳಿದ್ದಕ್ಕಿಂತ ಚಿತ್ರ ತೋರಿಸಿದಾಗ ಜನ ಬೇಗ ಹುಡುಕುತ್ತಾರೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ವಸ್ತು ಎರಡು ರೂಪಗಳಲ್ಲಿ ಯಾವುದರಲ್ಲಾದರೂ ಇರಬಹುದು ಎಂದಾದರೆ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಲಗೇಜಿನ ಎಕ್ಸ್‌ರೇ ಚಿತ್ರಗಳನ್ನಿಟ್ಟು ನಡೆಸಿದ ಅಧ್ಯಯನಗಳಲ್ಲಿ, ಎರಡು ಬಗೆಯ ವಸ್ತುಗಳಿಗಾಗಿ ಏಕಕಾಲಕ್ಕೆ ಹುಡುಕಿದವರು ಒಂದೊಂದಕ್ಕೇ ಹುಡುಕಿದವರಿಗಿಂತ ಹೆಚ್ಚು ತಪ್ಪಿದರು. ಒಂದು ಸುತ್ತು ಡಬ್ಬಿಗೆ, ಇನ್ನೊಂದು ಸುತ್ತು ಪೊಟ್ಟಣಕ್ಕೆ. ಎರಡು ಸುತ್ತಾದರೂ ವಸ್ತು ತಪ್ಪಿಹೋಗುವ ಸಂಭವ ಕಡಿಮೆ.

2. ಬಣ್ಣವನ್ನು ಮುಂದಿಡಿ, ಬೇಕಿದ್ದರೆ ಬಾಯಿಬಿಟ್ಟು ಹೇಳಿ. ಗುಣಗಳಲ್ಲಿ ಗಮನ ಸುಲಭವಾಗಿ ಪಾಲಿಸುವ ಆಜ್ಞೆ ಬಣ್ಣದ್ದು. ಕೆಂಪು ಎಂದು ತೀರ್ಮಾನಿಸಿದರೆ ಬೇರೆ ಬಣ್ಣದ ವಸ್ತುಗಳು ಬಹುಮಟ್ಟಿಗೆ ಲೆಕ್ಕದಿಂದ ಹೊರಗುಳಿಯುತ್ತವೆ. ಗ್ಯಾರಿ ಲೂಪ್ಯಾನ್ ಮತ್ತು ಡ್ಯಾನಿಯಲ್ ಸ್ವಿಂಗ್ಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಡುಕುವ ವಸ್ತುವಿನ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿಕೊಳ್ಳುವುದರಿಂದಲೂ ಪ್ರಯೋಜನವಿದೆ. ಆದರೆ ಷರತ್ತೊಂದಿದೆ: ಹೆಸರು ಕೇಳಿದೊಡನೆ ಮನಸ್ಸಿಗೆ ಬರುವ ರೂಪವೇ ವಸ್ತುವಿನ ನಿಜರೂಪವಾಗಿರಬೇಕು. ‘ಬಾಳೆಹಣ್ಣು’ ಎಂದರೆ ನೆರವಾಗುತ್ತದೆ. ವಿಚಿತ್ರ ಆಕಾರದ ಪೆನ್‌ಡ್ರೈವ್ ಹುಡುಕುವಾಗ ‘ಪೆನ್‌ಡ್ರೈವ್’ ಎಂದು ಜಪಿಸಿದರೆ ಅಡ್ಡಿಯೂ ಆದೀತು. ‘ನೀಲಿ, ಗುಂಡಗೆ’ ಎಂದುಕೊಳ್ಳುವುದು ಮೇಲು.

3. ಬೋಳು ಜಾಗಗಳಿಗೆ ಹೊತ್ತು ಕೊಡಬೇಡಿ, ಗಜಿಬಿಜಿ ಇರುವಲ್ಲಿಗೆ ಹೋಗಿ. ಖಾಲಿ ಹಾಸಿಗೆ, ಒರೆಸಿದ ಕಟ್ಟೆ, ಸಾದಾ ನೆಲ, ಇವುಗಳ ಮೇಲೆ ವಸ್ತು ಇದ್ದಿದ್ದರೆ ಓರೆನೋಟಕ್ಕೇ ಸಿಗುತ್ತಿತ್ತು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರದೆಯ ಅರ್ಧ ಭಾಗ ಸುಲಭವಾಗಿತ್ತು, ಇನ್ನರ್ಧ ಕ್ಲಿಷ್ಟವಾಗಿತ್ತು. ಸುಲಭದ ಅರ್ಧವನ್ನು ಕಣ್ಣು ಹಾಯಿಸದೆಯೇ ತೀರ್ಮಾನಿಸಬಹುದಿದ್ದರೂ ಅನೇಕರು ಅಲ್ಲಿಯೇ ಸಾಕಷ್ಟು ನೋಟಗಳನ್ನು ಖರ್ಚು ಮಾಡಿದರು. ನಾವೂ ಮನೆಯಲ್ಲಿ ಇದನ್ನೇ ಮಾಡುತ್ತೇವೆ. ಗಜಿಬಿಜಿಯ ಕಡೆಗೆ ಹೋದ ಮೇಲೆ ಮತ್ತೊಂದು ತೊಡಕು ಎದುರಾಗುತ್ತದೆ: ಒತ್ತೊತ್ತಾಗಿರುವ ವಸ್ತುಗಳು ಓರೆನೋಟದಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ, ಪ್ರತ್ಯೇಕವಾಗಿ ತಿಳಿಯುವುದಿಲ್ಲ. ಪರಿಹಾರ ಮೊರದ ಅಕ್ಕಿಯದೇ. ಡ್ರಾಯರನ್ನು ಇದ್ದಲ್ಲೇ ಕೆದಕುವುದಕ್ಕಿಂತ ಅದರಲ್ಲಿರುವುದನ್ನು ಸಾದಾ ಬಣ್ಣದ ಹೊದಿಕೆಯ ಮೇಲೆ ಸುರಿದು, ವಸ್ತುಗಳ ನಡುವೆ ಎರಡು ಬೆರಳು ಅಂತರ ಬರುವಂತೆ ಹರಡಿ.

4. ಜಾಗವನ್ನು ಭಾಗ ಮಾಡಿ, ಮುಗಿದ ಭಾಗಕ್ಕೆ ಗುರುತು ಇಡಿ. ಎಲ್ಲಿ ನೋಡಿದ್ದೇವೆ, ಎಲ್ಲಿ ನೋಡಿಲ್ಲ ಎಂಬುದರ ನೆನಪು ನಾವಂದುಕೊಂಡಷ್ಟು ಗಟ್ಟಿಯಾಗಿಲ್ಲ. ಅದಕ್ಕೇ ಒಂದೇ ಗೂಡನ್ನು ನಾಲ್ಕು ಸಲ ನೋಡಿ ಪಕ್ಕದ್ದನ್ನು ಬಿಟ್ಟಿರುತ್ತೇವೆ. ಬೀರುವಾದರೆ ಮೇಲಿನ ಅರೆಯಿಂದ ಕೆಳಕ್ಕೆ, ಪ್ರತಿ ಅರೆಯಲ್ಲೂ ಎಡದಿಂದ ಬಲಕ್ಕೆ. ಮುಗಿದ ಅರೆಯ ಬಾಗಿಲು ಮುಚ್ಚಿ, ನೋಡಿದ ಕಾಗದದ ಕಟ್ಟನ್ನು ಮಗುಚಿಡಿ. ಸಾಲಾಗಿ ನೋಡುವಾಗ ಬೆರಳನ್ನೂ ಜೊತೆಗೆ ಓಡಿಸಿ. ಕಣ್ಣು ಮುಂದಕ್ಕೆ ಹಾರುವುದನ್ನು ಬೆರಳು ತಡೆಯುತ್ತದೆ.

5. ಬೆಳಕನ್ನೂ ನಿಂತ ಜಾಗವನ್ನೂ ಬದಲಿಸಿ. ಮೊಸಾಯಿಕ್ ನೆಲದ ಮೇಲೆ ಬಿದ್ದ ಓಲೆಯ ತಿರುಪನ್ನು ನೆನೆಯಿರಿ. ನೆಲದ ತುಂಬ ಚಿಕ್ಕೆಗಳು, ತಿರುಪೂ ಒಂದು ಚಿಕ್ಕೆಯಷ್ಟೇ. ಬಣ್ಣ, ಗಾತ್ರ ಎರಡೂ ನಿಮ್ಮ ನೆರವಿಗಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಇಟ್ಟು ಬೆಳಕನ್ನು ಅಡ್ಡಡ್ಡ ಹಾಯಿಸಿ. ನೆಲದ ಚಿಕ್ಕೆಗೆ ನೆರಳಿಲ್ಲ, ತಿರುಪಿಗಿದೆ. ಉದ್ದನೆಯ ನೆರಳೂ ಚಿನ್ನದ ಹೊಳಪೂ ಸೇರಿ, ಇಲ್ಲದಿದ್ದ ಗುಣವೊಂದನ್ನು ಹೊಸದಾಗಿ ಹುಟ್ಟಿಸುತ್ತವೆ; ಬಿಳಿಕಲ್ಲು ಕರಿಕಲ್ಲಾದಂತೆ. ಟಾರ್ಚನ್ನು ಅಲುಗಾಡಿಸಿದರೆ ಹೊಳಪು ಮಿನುಗುತ್ತದೆ, ಮಿನುಗು ಗಮನವನ್ನು ತಾನಾಗಿ ಸೆಳೆಯುತ್ತದೆ. ಅಡುಗೆಮನೆಯ ಗೂಡಿನ ಮುಂದೆಯೂ ಅಷ್ಟೆ: ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸ್ವಲ್ಪ ಬಗ್ಗಿ ನೋಡಿ.

6. ಇನ್ನೊಬ್ಬರನ್ನು ಕರೆದರೆ ಅವರಿಗೆ ನಿಮ್ಮ ಊಹೆಯನ್ನು ತುಂಬಬೇಡಿ. ‘ಎಡಗಡೆ ನೋಡು, ಹಳದಿ ಡಬ್ಬಿ’ ಎಂದರೆ ನಿಮ್ಮ ತಪ್ಪು ಅವರದೂ ಆಗುತ್ತದೆ. ಬೇಕಾದದ್ದು ಏನೆಂದಷ್ಟೇ ಹೇಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅತಿ ದುಬಾರಿಯಾದ ತಪ್ಪು ಬೇಗ ಕೈಬಿಡುವುದು. ಎಷ್ಟು ಹೊತ್ತು ನೋಡಿ ‘ಇಲ್ಲ’ ಎನ್ನಬೇಕು ಎಂಬ ಗಡಿಯನ್ನು ಮನಸ್ಸು ಹಿಂದಿನ ಅನುಭವದಿಂದ ಹೊಂದಿಸಿಕೊಳ್ಳುತ್ತದೆ. ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಗೇಜ್ ತಪಾಸಣೆಯನ್ನು ಹೋಲುವ ಚಿತ್ರಗಳಲ್ಲಿ ಜನ ಒಂದು ಬಗೆಯ ವಸ್ತುವನ್ನು ಹುಡುಕಬೇಕಿತ್ತು. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ಅವರು ತಪ್ಪಿಸಿಕೊಂಡದ್ದು ಶೇ. 7ರಷ್ಟನ್ನು. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ತಪ್ಪು ಶೇ. 30ಕ್ಕೆ ಏರಿತು. ಕಣ್ಣು ಅದೇ, ವಸ್ತುವೂ ಅದೇ ಬಗೆಯದು. ಸಿಗುವ ನಿರೀಕ್ಷೆ ಕುಸಿದಿತ್ತು. ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳಲ್ಲಿ ಆಗಾಗ ಸುಳ್ಳು ಆಯುಧಗಳ ಚಿತ್ರಗಳನ್ನು ನಡುವೆ ತೂರಿಸಿ ಸಿಬ್ಬಂದಿಯನ್ನು ಎಚ್ಚರವಾಗಿಡುವ ವ್ಯವಸ್ಥೆ ಇರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ‘ಇಲ್ಲಿ ಹೇಗೂ ಇರಲ್ಲ’ ಎಂದುಕೊಂಡೇ ತೆರೆದ ಪೆಟ್ಟಿಗೆಯನ್ನು ನೀವು ನಿಜವಾಗಿ ನೋಡಿರುವುದಿಲ್ಲ. ಅಂಥ ಪೆಟ್ಟಿಗೆಗಳನ್ನು ಎರಡನೇ ಸುತ್ತಿನಲ್ಲಿ, ಇದರಲ್ಲೇ ಇದೆ ಎಂದು ನಂಬಿ ನೋಡಿ.

ಒಂದು ಸಿಕ್ಕೊಡನೆ ನಿಲ್ಲಿಸುವುದು ಇನ್ನೊಂದು ತಪ್ಪು. ಎಕ್ಸ್‌ರೇಯಲ್ಲಿ ಒಂದು ದೋಷ ಕಂಡ ವೈದ್ಯರು ಎರಡನೆಯದನ್ನು ಬಿಟ್ಟುಬಿಡುವ ಅಪಾಯವನ್ನು ವಿಕಿರಣಶಾಸ್ತ್ರಜ್ಞರು 1960ರ ದಶಕದಿಂದಲೂ ಚರ್ಚಿಸುತ್ತಿದ್ದಾರೆ. ಒಡೆದ ಗಾಜಿನ ಚೂರು ಹೆಕ್ಕುವಾಗ, ಮೀನಿನಿಂದ ಮುಳ್ಳು ತೆಗೆದು ಮಗುವಿಗೆ ಉಣಿಸುವಾಗ, ಬರೆದದ್ದರಲ್ಲಿ ಅಕ್ಷರದೋಷ ತಿದ್ದುವಾಗ ಇದು ಬಹಳ ಮುಖ್ಯ. ದೊಡ್ಡ ಚೂರು ಸಿಕ್ಕಿದ ಸಮಾಧಾನ ಗಮನವನ್ನು ಸಡಿಲಿಸುತ್ತದೆ. ಸಿಕ್ಕಿದ ಮೇಲೆ ಮತ್ತೆ ಮೊದಲಿನಿಂದ ಒಂದು ಸುತ್ತು ಹಾಕುವುದನ್ನು ನಿಯಮವಾಗಿಸಿಕೊಳ್ಳಿ.

ದೊಡ್ಡದಾದರೆ ಕಂಡೇ ಕಾಣುತ್ತದೆ ಎಂಬ ನಂಬಿಕೆಯೂ ತಪ್ಪು. ಮಿಗೆಲ್ ಎಕ್‌ಸ್ಟೈನ್ ಮತ್ತು ಸಂಗಡಿಗರ 2017ರ ಅಧ್ಯಯನದಲ್ಲಿ, ಸ್ನಾನಗೃಹದ ಚಿತ್ರದಲ್ಲಿದ್ದ ವಿಪರೀತ ದೊಡ್ಡ ಹಲ್ಲುಜ್ಜುವ ಬ್ರಷ್ಷು ಹುಡುಕುವವರ ಕಣ್ಣಿಗೆ ಎಷ್ಟೋ ಸಲ ಬೀಳಲಿಲ್ಲ, ಏಕೆಂದರೆ ಬ್ರಷ್ಷು ಅಷ್ಟು ದೊಡ್ಡದಿರುವುದಿಲ್ಲ ಎಂದು ಮನಸ್ಸಿಗೆ ಗೊತ್ತಿತ್ತು. ಇನ್ನೂ ಬೆರಗಿನದು 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆ. ಶ್ವಾಸಕೋಶದ ಸಿ.ಟಿ. ಸ್ಕ್ಯಾನಿನಲ್ಲಿ ಗಂಟುಗಳನ್ನು ಹುಡುಕುತ್ತಿದ್ದ 24 ವಿಕಿರಣತಜ್ಞರಲ್ಲಿ 20 ಮಂದಿಗೆ, ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡದಾಗಿ ಸೇರಿಸಿದ್ದ ಗೊರಿಲ್ಲಾ ಚಿತ್ರ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ಅದರ ಮೇಲೆಯೇ ನೆಟ್ಟಿತ್ತೆಂದು ಕಣ್ಣಿನ ಚಲನೆಯ ದಾಖಲೆ ತೋರಿಸಿತು. ನುರಿತವರನ್ನು ಹಳಿಯಲು ಇದನ್ನು ಬಳಸುವವರಿದ್ದಾರೆ, ಅದು ಅನ್ಯಾಯ. ಚಿಕ್ಕ ಗುಂಡನೆಯ ಚುಕ್ಕೆಗಾಗಿ ಹದಗೊಳಿಸಿದ ಗಮನ ಆ ಕೆಲಸವನ್ನು ಮಾಡುತ್ತಲೇ ಇತ್ತು. ಬೇರೆಯದನ್ನು ಕಾಣಬೇಕಾದರೆ ಬೇರೆ ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ನೋಡಬೇಕು.

ಆಕ್ಷೇಪಗಳು

ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟರೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ನಿಗದಿತ ಜಾಗವೂ ಗಮನಕ್ಕೆ ಕೊಟ್ಟ ಒಂದು ಬಲವಾದ ಸೂಚನೆ. ಆದರೆ ನಾಲ್ಕು ಜನರಿರುವ ಮನೆಯಲ್ಲಿ ಆ ಒಪ್ಪಂದ ದಿನಕ್ಕೊಮ್ಮೆಯಾದರೂ ಮುರಿಯುತ್ತದೆ. ಮುರಿದ ದಿನ ಶಿಸ್ತಿನ ಮನೆಯವರಿಗೇ ತೊಂದರೆ ಹೆಚ್ಚು, ಏಕೆಂದರೆ ಅವರ ನಿರೀಕ್ಷೆ ಹೆಚ್ಚು ಗಟ್ಟಿ. ಅಲ್ಲದೆ ಸಂತೆ, ಬಸ್ ನಿಲ್ದಾಣ, ಅಂಗಡಿಯ ಕಪಾಟುಗಳಲ್ಲಿ ಜಾಗ ಗೊತ್ತುಮಾಡುವವರು ನಾವಲ್ಲ.

ಇದೆಲ್ಲ ಮರೆವಿನ ಸಮಸ್ಯೆ ಎನ್ನುವುದು ಎರಡನೇ ಆಕ್ಷೇಪ. ಎಲ್ಲಿ ಇಟ್ಟೆ ಎಂಬುದು ನೆನಪಿಲ್ಲದಿದ್ದರೆ ಅದು ಮರೆವು ನಿಜ. ಆದರೆ ನೋಡಿದ ಜಾಗದಲ್ಲೇ ವಸ್ತು ಇದ್ದು ಕಾಣದೆ ಹೋದರೆ ಅದಕ್ಕೂ ನೆನಪಿಗೂ ಸಂಬಂಧ ಕಡಿಮೆ. ಎರಡಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ವಯಸ್ಸಾದವರು ಕನ್ನಡಕ ಸಿಗದಾಗಲೆಲ್ಲ ಮರೆವು ಶುರುವಾಯಿತೆಂದು ಅಳುಕಬೇಕಿಲ್ಲ. ಇನ್ನು, ಕಂಪ್ಯೂಟರ್ ಪರದೆಯ ಪ್ರಯೋಗ ಮನೆಗೆ ಅನ್ವಯಿಸೀತೇ ಎಂಬ ಸಂದೇಹಕ್ಕೆ ಸ್ವಲ್ಪ ತೂಕವಿದೆ. ಮನೆಯಲ್ಲಿ ನಾವು ನಡೆದಾಡುತ್ತೇವೆ, ಎತ್ತಿ ಸರಿಸುತ್ತೇವೆ. ಶೇಕಡಾವಾರು ಲೆಕ್ಕ ಹಾಗೇ ಹೊಂದಲಾರದು. ಆದರೆ ತಪ್ಪುವ ಬಗೆ ಒಂದೇ ಎಂಬುದಕ್ಕೆ ನಿಜವಾದ ಸ್ಕ್ಯಾನ್ ಓದುವ ನಿಜವಾದ ವೈದ್ಯರೇ ಸಾಕ್ಷಿ.

ಎಚ್ಚರ ಬೇಕಾದ ಸಂದರ್ಭಗಳು

ಜಾತ್ರೆ, ರಥೋತ್ಸವಗಳಿಗೆ ಮಕ್ಕಳನ್ನು ಕರೆದೊಯ್ಯುವ ಮೊದಲು ಅದೇ ದಿನದ ಬಟ್ಟೆಯಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣವೇ ನೆನಪಾಗುವುದಿಲ್ಲ, ಹುಡುಕಲು ನೆರವಾಗುವವರಿಗೂ ಅದೇ ಮುಖ್ಯ ಗುರುತು. ಆದರೆ ಮಗು ಸ್ವೆಟರ್, ಟೋಪಿ ತೆಗೆದಿರಬಹುದು. ಬಣ್ಣ ಬದಲಾದರೆ ಎದುರು ಬಂದ ಮಗುವೂ ತಪ್ಪಿಹೋಗಬಹುದು. ಒಳಗಿನ ಅಂಗಿಯ ಬಣ್ಣವನ್ನೂ ಹೇಳಿ. ಒಬ್ಬರು ಮಗು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಲಿ, ತಡಮಾಡದೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ವಾಹನ ಇಳಿಸುವಾಗ ನಮ್ಮ ಗಮನ ಕಾರು, ಬಸ್ಸುಗಳಿಗಾಗಿ ಹದಗೊಂಡಿರುತ್ತದೆ. ನೋಡಿಯೂ ಕಾಣದೆ ಬೈಕಿಗೆ, ಸೈಕಲ್ಲಿಗೆ ಗುದ್ದುವ ಅಪಘಾತಗಳ ಹಿಂದೆ ಇದೂ ಒಂದು ಕಾರಣ. ಎರಡನೇ ಸಲ ಕತ್ತು ತಿರುಗಿಸುವಾಗ ‘ಬೈಕ್ ಇದೆಯೇ’ ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ನೋಡಿ. ಕಬ್ಬು ಸಾಗಿಸುವ ಕಾಲದಲ್ಲಿ, ರಾತ್ರಿ ಹೊತ್ತು, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರಿಗಾಗಿ ಬೇರೆಯೇ ಒಂದು ನೋಟ ಬೇಕು.

ಕೊನೆಯದಾಗಿ, ಮೇಲಿನ ಯಾವ ಉಪಾಯವೂ ಸರಿಪಡಿಸಲಾಗದ ಸ್ಥಿತಿಗಳಿವೆ. ಗ್ಲಾಕೋಮಾದಲ್ಲಿ ಓರೆನೋಟ ಸದ್ದಿಲ್ಲದೆ ಕಡಿಮೆಯಾಗುತ್ತಾ ಹೋಗುತ್ತದೆ, ನೇರನೋಟ ಚೆನ್ನಾಗಿರುವುದರಿಂದ ಬಹುಕಾಲ ತಿಳಿಯುವುದಿಲ್ಲ. ವಸ್ತುಗಳಿಗೆ, ಬಾಗಿಲ ಚೌಕಟ್ಟಿಗೆ ಪದೇ ಪದೇ ತಗಲುತ್ತಿದ್ದರೆ ಕಣ್ಣಿನ ವೈದ್ಯರನ್ನು ಕಾಣಿ. 40 ದಾಟಿದವರು, ಮನೆತನದಲ್ಲಿ ಗ್ಲಾಕೋಮಾ ಇರುವವರು ತೊಂದರೆ ಕಾಣದಿದ್ದರೂ ತಪಾಸಣೆ ಮಾಡಿಸುವುದು ಒಳ್ಳೆಯದು. ಪೊರೆ ಬಂದ ಕಣ್ಣಿಗೆ ಮಂದ ಬೆಳಕಿನಲ್ಲಿ ಬಣ್ಣಗಳ ಅಂತರ ಮಾಸಿರುತ್ತದೆ. ಮನೆಯ ಹಿರಿಯರು ತಟ್ಟೆಯ ಒಂದೇ ಬದಿಯ ಅನ್ನ ಉಂಡು ಇನ್ನೊಂದು ಬದಿಯದನ್ನು ಬಿಡುವುದು, ಒಂದೇ ಕಡೆಯ ವಸ್ತುಗಳನ್ನು ಸತತವಾಗಿ ಕಾಣದಿರುವುದು ದಿಢೀರನೆ ಶುರುವಾದರೆ ಅದು ಮಿದುಳಿನ ಪಾರ್ಶ್ವವಾಯುವಿನ ಲಕ್ಷಣವಿರಬಹುದು. ಕೈಕಾಲಿನಲ್ಲಿ ಶಕ್ತಿ ಇದೆಯೆಂದು ಕಾಯುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.